ಬದಲಾಗದ ಪಟ್ಟಿ

ಹೋದ ವರ್ಷದ ಕಡಲೆ ಸುಗ್ಗಿ, ಮಧ್ಯಾಹ್ನ ಎರಡೂವರೆ. ಬೈಲಹೊಂಗಲದ ಒಂದು ತೂಕದ ಶೆಡ್ಡಿನಲ್ಲಿ, ಚೀಲ ತೂಗುವ ಕಾಟಾದಿಂದ ನಾಲ್ಕು ಹೆಜ್ಜೆ ದೂರ, ಕಂಪ್ಯೂಟರಿನ ಮುಂದೆ ನಾನು ನಿಂತಿದ್ದೆ. ತೂಕದ ಪ್ರೋಗ್ರಾಮ್ ಬರೆದವನು ನಾನೇ.

ಅಲ್ಲಿ ಚೀಲದ ಮೇಲೆ ನಂಬರ್ ಬರೆಯುವುದಿಲ್ಲ. ತೂಕದವರು ಮೊದಲ ಚೀಲಕ್ಕೆ ಒಂದು ಎನ್ನದೆ ‘ಲಾಭ’ ಎಂದು ಕೂಗುತ್ತಾರೆ, ಆಮೇಲೆ ಎರಡು, ಮೂರು. ಜೊತೆಗೇ ಚೀಲದ ತೂಕವನ್ನೂ ಕೂಗುತ್ತಾರೆ, ಅದು ಕಂಪ್ಯೂಟರಿನ ಪಟ್ಟಿಗೆ ಸೇರುತ್ತದೆ. ಕೂಗಿದ ಸರದಿಯೇ ಚೀಲದ ಗುರುತು. ಪ್ರೋಗ್ರಾಮಿನಲ್ಲೂ ಹಾಗೆಯೇ ಇಟ್ಟಿದ್ದೆ. ಪಟ್ಟಿಯಲ್ಲಿ ಎಷ್ಟನೆಯ ಜಾಗವೋ ಅಷ್ಟನೆಯ ಚೀಲ. ಆ ಪಟ್ಟಿಗೆ ಒಮ್ಮೆ ಸೇರಿದ್ದು ಬದಲಾಗಕೂಡದೆಂದು ಪ್ರೋಗ್ರಾಮಿನಲ್ಲೇ ಘೋಷಿಸಿಯೂ ಇದ್ದೆ. ಘೋಷಣೆ ಮೀರಿದರೆ, ಬರೆದದ್ದನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಪ್ರೋಗ್ರಾಮನ್ನೇ ಒಪ್ಪುವುದಿಲ್ಲವೆಂದು ನಂಬಿದ್ದೆ.

ಅಂದು, ದಿನದ ಅತಿ ಭಾರದ ಚೀಲ ಯಾವುದೆಂದು ಶೆಡ್ಡಿನ ಮಾಲಕರು ಕೇಳಿದರು. ಪ್ರೋಗ್ರಾಮಿನಿಂದ ಹುಡುಕಿಸಿ ಹೇಳಿದೆ. ಅದಾದ ಮೇಲೆ, ಬೆಳಿಗ್ಗೆ ಮೊದಲು ಬಂದಿದ್ದ ದೊಡವಾಡದ ರೈತ ಹೆಣ್ಣುಮಗಳಿಗೆ ತೂಕದ ಚೀಟಿ ತೆಗೆದುಕೊಟ್ಟೆ. ತನ್ನ ಐದೂ ಚೀಲದ ತೂಕ ಕಡಿಮೆ ಬಂದಿದೆ ಎಂದರು ಆಕೆ. ಅಂದು ಕೂಗಿದ ತೂಕದವರು, ಅರವತ್ತು ದಾಟಿದ ಒಬ್ಬರು, ತಾವು ಕೂಗಿದ್ದು ಇದಲ್ಲ ಎಂದರು.

"ಮಷಿನ್ ತಾನಾಗೆ ಬದಲಿ ಮಾಡೂದಿಲ್ರಿ," ಎಂದೆ. "ನೀವು ಕೂಗಿದ್ದ ತಪ್ಪೈತಿ."

ಇಬ್ಬರು ಹಮಾಲರು ಕೇಳುತ್ತಿದ್ದರು. ಕಿರಿಯವನು ನಕ್ಕು, "ಕಾಕಾ, ಲಾಭ ಯಾರ ಮನಿಗೆ ಹೋತ್ರಿ?" ಎಂದ. ತೂಕದವರು ಹೆಗಲ ಟವೆಲ್ ಝಾಡಿಸಿ ಹೊರಟುಹೋದರು.

ಐದು ಗಂಟೆಗೆ ಆಕೆಯ ಚೀಲಗಳನ್ನು ಮತ್ತೆ ತೂಗಿದೆವು. ತೂಕದವರು ಕೂಗಿದ್ದೇ ಸರಿ. ನಾನು ಬೀಗ ಹಾಕಿದ್ದು ಪಟ್ಟಿಯ ವಿಳಾಸಕ್ಕೆ, ಅಂದರೆ ಅದು ಎಲ್ಲಿದೆ ಎಂಬ ಗುರುತಿಗೆ ಮಾತ್ರ, ಒಳಗಿನ ಸಾಲುಗಳಿಗಲ್ಲ. ಭಾರದ ಚೀಲ ಹುಡುಕುವ ಫಂಕ್ಷನ್, ಪ್ರೋಗ್ರಾಮಿನ ಆ ತುಣುಕು, ಶುದ್ಧ, ಅಂದರೆ ಹೊರಗಿನದೇನನ್ನೂ ಮುಟ್ಟುವುದಿಲ್ಲ ಎಂದು ಬರೆದಿದ್ದೆ. ಅದು ಅದೇ ವಿಳಾಸ ಹಿಡಿದು ಹೋಗಿ, ಮೂಲ ಪಟ್ಟಿಯನ್ನೇ ಹಗುರದಿಂದ ಭಾರಕ್ಕೆ ಜೋಡಿಸಿತ್ತು. ಮೊದಲ ಐದು ಜಾಗ ಆಕೆಯವು, ಹಾಗಾಗಿ ದಿನದ ಅತಿ ಹಗುರ ಐದು ತೂಕಗಳು ಆಕೆಯ ಪಾಲಿಗೆ ಬಂದಿದ್ದವು. ನಾನು ಬಳಸಿದ ಪ್ರೋಗ್ರಾಮ್ ಭಾಷೆಯ ನಿಯಮಗಳು ಅಷ್ಟು ಒಳಗೆ ಇಣುಕುವುದಿಲ್ಲ. ಕಂಪೈಲರ್ ತಕರಾರು ತೆಗೆದಿರಲಿಲ್ಲ.

ಮರುದಿನ ತೂಕದವರ ಮನೆಗೆ ಹೋಗಿ ತಪ್ಪು ನನ್ನದೆಂದೆ. ಚಹಾ ಕೊಟ್ಟರು.

"ನನಗೇನ ಹೇಳ್ತೀರಿ, ನನಗ ಗೊತ್ತಿತ್ತು. ಯಾರ ಮುಂದ ಅಂದ್ರಿ, ಅವರ ಮುಂದ ಹೇಳ್ರಿ."

ದೊಡವಾಡಕ್ಕೆ ಹೋಗಿ ಆಕೆಗೆ ಹೇಳಿದೆ. ಮಾಲಕರಿಗೆ, ಕಿರಿಯ ಹಮಾಲನಿಗೆ ಹೇಳಿದೆ. ಹಿರಿಯ ಹಮಾಲ ಜ್ವರದಿಂದ ಊರಿಗೆ ಹೋಗಿದ್ದ. ಬರಲಿ ಎಂದು ಕಾದೆ. ಅವನು ಬರಲಿಲ್ಲ, ನಿಜ ತಿಳಿಯದೆಯೇ ತೀರಿಕೊಂಡ. ತೂಕದವರು ಮತ್ತೆ ಕಾಟಾದ ಹತ್ತಿರ ಬಂದಿಲ್ಲ.

ಅಂದು ಅಲ್ಲಿದ್ದು ಈಗಲೂ ಬದುಕಿರುವವರು: ದೊಡವಾಡದ ಆ ಹೆಣ್ಣುಮಗಳು, ಮಾಲಕರು, ನಕ್ಕ ಹಮಾಲ, ತೂಕದವರು, ನಾನು.