ಮಂತ್ರಿಗಳು ಇಲ್ಲವೆಂದ ನಮ್ಮ ಪಕ್ಕದ ಮನೆಯ ಖಾಲಾ

1999 ಆಗಸ್ಟ್ 8, ಭಾನುವಾರ. ಬರೆಯಲು ಕೂತದ್ದು ಮಧ್ಯಾಹ್ನ 2:20ಕ್ಕೆ, ಗುಂಡ್ಲುಪೇಟೆಯ ನಮ್ಮ ಮನೆಯ ನಡುಕೋಣೆಯಲ್ಲಿ. ಹೊರಗೆ ಚುನಾವಣೆಯ ಜೀಪೊಂದು ಮೈಕು ಕಟ್ಟಿಕೊಂಡು ನಮ್ಮ ಬೀದಿಯನ್ನು ಮೂರನೇ ಸಲ ಸುತ್ತುತ್ತಿದೆ. ಅದು ಹೋದ ಮೇಲೆ ಬರೆಯೋಣವೆಂದು ಪೆನ್ನು ಕೆಳಗಿಟ್ಟರೆ ಮತ್ತೆ ಬರುತ್ತದೆ. ಅದರ ಗದ್ದಲದಲ್ಲೇ ಶುರು ಮಾಡಿದ್ದೇನೆ.

ಸಂಗತಿ ಕಳೆದ ವರ್ಷದ್ದು. ನನ್ನ ಡೈರಿಯಲ್ಲಿ ಆ ಮೂರು ತಿಂಗಳ ತಾರೀಖು, ಹತ್ತಿದ ಬಸ್ಸು, ಯಾರು ಏನಂದರು ಎಲ್ಲವೂ ಇದೆ. ಒಂದು ಸಾಲಿಗೆ ಮಾತ್ರ ಜಾಗ ಬಿಟ್ಟಿದ್ದೆ. ಅದು ಇನ್ನೂ ಖಾಲಿ.

ನಮ್ಮ ಪಕ್ಕದ ಮನೆಯಲ್ಲಿ ಅಕ್ಕ ತಮ್ಮ ಇಬ್ಬರು. ತಮ್ಮ ಊಟಿ ರಸ್ತೆಯಲ್ಲಿ ಲಾರಿ ಬಾಡಿಗಳಿಗೆ ಪೇಂಟು ಹೊಡೆಯುತ್ತಾರೆ. ಈರುಳ್ಳಿ, ತರಕಾರಿ ತುಂಬಿ ಕೇರಳಕ್ಕೆ ಹೋಗುವ ಲಾರಿಗಳ ಹಿಂದಿನ ಹಲಗೆಯ ಮೇಲಿರುವ ನವಿಲು, ಕಮಲ ಅರ್ಧಕ್ಕರ್ಧ ಅವರವೇ. ನಾನು ಅವರನ್ನು ಮಾಮು ಎನ್ನುತ್ತೇನೆ. ಅಕ್ಕ ಬೀದಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಸೀರೆಗೆ ಫಾಲ್ಸ್ ಹಾಕಿ ಕೊಡುತ್ತಾರೆ. ಅವರು ಹುಟ್ಟಿದ್ದು ಇದೇ ಬೀದಿಯಲ್ಲಿ, ಇದೇ ಮನೆಯಲ್ಲಿ. ಹತ್ತೊಂಬತ್ತಕ್ಕೆ ಕರಾಚಿಯ ಸಂಬಂಧಿಕರೊಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಯ ಪಾಸ್‌ಪೋರ್ಟ್ ಆಯಿತು. ಗಂಡ ತೀರಿಕೊಂಡ ಮೇಲೆ 1984ರಲ್ಲಿ ಒಂದು ತಗಡಿನ ಪೆಟ್ಟಿಗೆಯೊಂದಿಗೆ ತಮ್ಮನ ಮನೆಗೆ ವಾಪಸು ಬಂದರು. ಮಕ್ಕಳಿಲ್ಲ. ಅಲ್ಲಿ ಈಗ ಅವರದೆನ್ನುವ ಯಾರೂ ಇಲ್ಲ.

ಅಂದಿನಿಂದ ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯೊಳಗೆ, ಇಲ್ಲಿರಲು ಅನುಮತಿ ಮುಂದುವರಿಸಿಕೊಳ್ಳಬೇಕು. ಅದಲ್ಲದೆ ತಿಂಗಳ ಐದನೇ ತಾರೀಖು ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕು. ಐದನೇ ತಾರೀಖು ಬಂತೆಂದರೆ ಖಾಲಾ ಬೆಳಿಗ್ಗೆಯೇ ಬಿಳಿ ದುಪಟ್ಟಾ ಇಸ್ತ್ರಿ ಮಾಡಿಕೊಳ್ಳುವರು. ಅವರು ಹೊರಟರೆ ನಮ್ಮಮ್ಮ ತಿಂಗಳ ಹಾಲಿನ ಲೆಕ್ಕ ನೆನಪಿಸಿಕೊಳ್ಳುತ್ತಿದ್ದಳು. ಅಷ್ಟು ಸಾಮಾನ್ಯವಾಗಿಬಿಟ್ಟಿತ್ತು.

1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ನಮ್ಮ ತಾಲ್ಲೂಕಿನ ಕಾಗದಗಳೆಲ್ಲ ಮೈಸೂರಿನಿಂದ ಅಲ್ಲಿಗೆ ಹೋಗತೊಡಗಿದವು. ಮುಂದಿನ ಮಾರ್ಚ್ ಕೊನೆಯ ವಾರ, ಬೆಳಿಗ್ಗೆ ಏಳು ಐದರ ಪ್ರದೇಶ ಸಮಾಚಾರದಲ್ಲಿ ವಿಧಾನಸಭೆಯ ಪ್ರಶ್ನೋತ್ತರ ಬಂತು. ಹೊಸ ಜಿಲ್ಲೆಯ ಬಗ್ಗೆ ಶಾಸಕರೊಬ್ಬರು ಕೇಳಿದ್ದ ಮೂರು ಪ್ರಶ್ನೆ. ಗೃಹ ಸಚಿವರು ಉತ್ತರ ಕೊಟ್ಟಿದ್ದರು. ನ್ಯಾಯಾಲಯದ ಪ್ರಶ್ನೆಗೂ ಅಂದು ಅವರೇ ಉತ್ತರಿಸಿದ್ದರು. ಠಾಣೆಗಳಿಗೆ ಸಿಬ್ಬಂದಿ ಹಂತಹಂತವಾಗಿ ಕೊಡಲಾಗುವುದು. ನ್ಯಾಯಾಲಯದ ಕಟ್ಟಡಕ್ಕೆ ಜಾಗ ನೋಡಲಾಗುತ್ತಿದೆ. ಜಿಲ್ಲೆಯಲ್ಲಿ ನೆಲೆಸಿರುವ ಪಾಕಿಸ್ತಾನದ ಪ್ರಜೆಗಳು ಯಾರೂ ಇಲ್ಲ.

ಕಾಂಪೌಂಡಿನ ಆಚೆಯಿಂದ ಮಾಮು ಕೂಗಿದರು: "ಆಪಾ! ಏ ಆಪಾ! ಕೇಳಿಸ್ಕೊಂಡ್ಯಾ? ಮಿನಿಷ್ಟ್ರೇ ನಿನ್ನ ಇಂಡ್ಯಾದೋಳು ಮಾಡ್ಬುಟ್ರು!"

ಖಾಲಾ ಹಲ್ಲುಪುಡಿ ಹಚ್ಚಿದ ಬೆರಳು ಬಾಯಿಂದ ತೆಗೆಯದೆ ಹೊರಗೆ ಬಂದರು. "ಸುಮ್ಕಿರ್ಲಾ. ಯಾರನ್ನೋ ಏನೋ ಅಂದಿರ್ತಾರೆ."

"ಯಾರನ್ನೋ ಅಂದ್ರೆ? ಜಿಲ್ಲೆಗೆಲ್ಲ ಇದ್ದೋಳು ನೀನೊಬ್ಳೆ. ಇಲ್ಲ ಅಂದ್ಮೇಲೆ ನೀನು ಅಲ್ಲಿಯೋಳಲ್ಲ ಅಂತ ತಾನೆ?"

ನಮ್ಮಮ್ಮ ಪೊರಕೆ ಹಿಡಿದೇ ಹೋದಳು. "ಅಂಗಾರೆ ಬುಡು, ಇನ್ನು ನಮ್ಮೋಳೇ ಆದೆ. ಆ ಟೇಸನ್ನಿಗೆ ಓಗಾದು ತಪ್ತು."

ಮರುದಿನದ ಪತ್ರಿಕೆಯಲ್ಲೂ ಅದೇ ಇತ್ತು. ನಾನು ಜೋರಾಗಿ ಓದಿ ಹೇಳಿದೆ; ಖಾಲಾ ಮೂರು ಸಲ ಓದಿಸಿದರು. ನಮ್ಮ ಬೀದಿಯಲ್ಲಿ ಮಂತ್ರಿ ಸದನದಲ್ಲಿ ಹೇಳಿದ ಮಾತೆಂದರೆ ಆದೇಶವೇ. ರಸ್ತೆ ಆಗುತ್ತದೆ ಎಂದರೆ ರಸ್ತೆ ಆಗದಿರಬಹುದು, ಆದರೆ ಒಬ್ಬ ಹೆಂಗಸನ್ನು ಇಲ್ಲ ಎಂದರೆ ಅದಕ್ಕೆ ಜಲ್ಲಿ ಟಾರು ಬೇಕೇ? ಅಂದು ಸಂಜೆ ಶೀರಾ ಆಯಿತು. ಎಷ್ಟು ಮನೆಗೆ ಕೊಟ್ಟು ಬಂದೆನೆಂದು ಡೈರಿಯಲ್ಲಿದೆ: ಹನ್ನೊಂದು. ಮಾಮು ಅರ್ಧ ಮುಗಿದಿದ್ದ ಲಾರಿಯ ಹಲಗೆಗೆ ಒಂದು ನವಿಲು ಹೆಚ್ಚಿಗೆ ಬರೆದರಂತೆ, ಲಾರಿಯವನು ಬೈದನಂತೆ.

ಏಪ್ರಿಲ್ ಐದು ಭಾನುವಾರ ಬಂತು. ಖಾಲಾ ಠಾಣೆಗೆ ಹೋಗಲಿಲ್ಲ. ಸೋಮವಾರವೂ ಹೋಗಲಿಲ್ಲ. ಇಸ್ತ್ರಿಯಾದ ಬಿಳಿ ದುಪಟ್ಟಾ ಮಾತ್ರ ಹಗ್ಗದ ಮೇಲಿತ್ತು. ಅಭ್ಯಾಸಬಲಕ್ಕೆ ಇಸ್ತ್ರಿ ಮಾಡಿಬಿಟ್ಟಿದ್ದರು.

ಬುಧವಾರ ಒಬ್ಬ ಪೇದೆ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ಬೆಲ್ ಹೊಡೆದ. "ಯಾಕಮ್ಮಾ, ಉಸಾರಿಲ್ವ? ಯಾಕ್ ಬರ್ಲಿಲ್ಲ?"

"ಮಂತ್ರಿಗಳು ನಾನಿಲ್ಲ ಅಂದವ್ರಲ್ಲಪ್ಪ. ಇನ್ನೂ ಸೈನ್ ಯಾಕೆ?"

ಪೇದೆ ನಕ್ಕ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದ. "ಮಂತ್ರಿಗಳು ಇಲ್ಲ ಅಂದ್ರೂ ನಮ್ಮ ಬುಕ್ಕಲ್ಲಿ ನೀವು ಇದೀರ ಕಣಮ್ಮ. ಬನ್ನಿ ಬನ್ನಿ, ಇನ್ನೂ ತಡ ಮಾಡ್ಬೇಡಿ. ಈ ಗ್ಯಾಪು ಮೇಲಿನೋರು ನೋಡಿದ್ರೆ ಪರಾರಿ ಅಂತ ಬರೀತಾರೆ."

ಖಾಲಾ ಆ ದುಪಟ್ಟಾ ಎಳೆದು ಹೊದ್ದುಕೊಂಡು ಅವನ ಸೈಕಲ್ಲಿನ ಹಿಂದೆ ಓಡಿದ ಹಾಗೆಯೇ ನಡೆದರು. ಶೀರಾ ತಿಂದ ಹನ್ನೊಂದು ಮನೆಯ ಬಾಗಿಲೂ ತೆರೆದಿತ್ತು.

ಅಲ್ಲಿಂದ ಶುರುವಾದ ತಳಮಳ ಮೇ ಕೊನೆಯವರೆಗೆ ಬಿಡಲಿಲ್ಲ. ಆಗ ನಾನು ಟೈಪಿಂಗ್ ಸೀನಿಯರ್ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಖಾಲಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಅವರ ಜೊತೆ ನಾನು. ಅವರು ದಾರಿಯುದ್ದಕ್ಕೂ ಬ್ಯಾಗಿನ ಜಿಪ್ಪು ತೆಗೆದು ಪಾಸ್‌ಪೋರ್ಟ್ ಇದೆಯೇ ನೋಡುವುದು, ಹಾಕುವುದು, ಮತ್ತೆ ತೆಗೆಯುವುದು. ಕಂಡಕ್ಟರ್ ಕೊನೆಗೆ ಹೇಳಿದ: "ಅಮ್ಮಾ, ಆ ಜಿಪ್ಪು ಇಲ್ಲೇ ಕಿತ್ತೋಯ್ತದೆ."

ಯಾವ ಕಚೇರಿ, ಯಾವ ವಿಭಾಗ ಎಂದು ಬರೆಯುವುದಿಲ್ಲ. ತಪ್ಪು ಎಲ್ಲಿ ಆಯಿತೆಂದು ನನಗೆ ಇಂದಿಗೂ ಖಚಿತವಿಲ್ಲ. ಆ ವರ್ಷ ಎಲ್ಲ ಕಚೇರಿಗಳಲ್ಲೂ ಗಂಟು ಬಿಚ್ಚದ ಕಾಗದದ ಮೂಟೆಗಳಿದ್ದವು. ಕೂರಲು ಕುರ್ಚಿಯಿಲ್ಲದೆ ಜನ ಮೂಟೆಗಳ ಮೇಲೆಯೇ ಕೂರುತ್ತಿದ್ದರು. ನಮಗೆ ಸಿಕ್ಕ ಗುಮಾಸ್ತರು ಕೆಟ್ಟವರಲ್ಲ. ನಮಗೆ ನೀರು ತರಿಸಿಕೊಟ್ಟು ಹೇಳಿದರು:

"ನೋಡಮ್ಮಾ, ಅಸೆಂಬ್ಲಿ ಪ್ರಶ್ನೆ ಬೆಳಿಗ್ಗೆ ಫೋನಲ್ಲಿ ಬರುತ್ತೆ, ಸಾಯಂಕಾಲದೊಳಗೆ ಉತ್ತರ ಹೋಗ್ಬೇಕು. 'ಇಲ್ಲ' ಅಂದ್ರೆ ಒಂದೇ ಸಾಲು. 'ಇದೆ' ಅಂದ್ರೆ ಯಾರು, ಎಲ್ಲಿ, ಯಾವಾಗಿಂದ, ಎಲ್ಲಾ ಜೆರಾಕ್ಸ್ ಸಮೇತ ಮೂರು ಪ್ರತಿ. ಇವರ ಫೈಲು ಆಗ ಮೈಸೂರಿಂದ ಬರೋ ದಾರೀಲಿತ್ತು. ಆ ಜಿಲ್ಲೆಯೋರು 'ನಮ್ಮಲ್ಲಿಲ್ಲ, ಕಳಿಸಿದ್ದೀವಿ' ಅಂದ್ರು. ಈ ಜಿಲ್ಲೆಯೋರು 'ನಮ್ಮಲ್ಲಿಲ್ಲ, ಬಂದಿಲ್ಲ' ಅಂದ್ರು. ಯಾರೂ ಸುಳ್ಳು ಹೇಳಿಲ್ಲ."

"ಈಗ ಫೈಲು ಬಂದಿದ್ಯಾ ಸಾರ್?" ನಾನು ಕೇಳಿದೆ.

"ಬಂದಿದೆ. ಅದೇ ಕಷ್ಟ." ಅವರು ಪೆನ್ನಿನ ಕ್ಯಾಪು ಹಾಕಿದರು. "ಇವರಿಗೆ ಅನುಮತಿ ಮುಂದುವರಿಸಿ ಅಂತ ನಾನು ಮೇಲಕ್ಕೆ ಬರೆದ್ರೆ, ಮಂತ್ರಿಗಳು ಸದನಕ್ಕೆ ತಪ್ಪು ಹೇಳಿದ್ರು ಅಂತ ಬರ್ಕೊಟ್ಟಂಗೆ. ಯಾವ ಸಾಹೇಬ್ರು ಸೈನ್ ಹಾಕ್ತಾರೆ? ಸದನದಲ್ಲಿ ಹೇಳಿದ್ದನ್ನ ಸದನದಲ್ಲೇ ತಿದ್ದಬೇಕು."

"ತಿದ್ದದಿದ್ರೆ?"

ಅವರು ಖಾಲಾ ಕಡೆ ನೋಡದೆ ಹೇಳಿದರು. "ಮೇ ಮುಗಿದ್ರೆ ಅವಧಿ ಮುಗೀತು. ಆಮೇಲೆ ದೇಶ ಬಿಡಿ ಅಂತ ನೋಟಿಸು. ನಾನೇ ಟೈಪ್ ಮಾಡ್ಬೇಕಾಗುತ್ತೆ."

ಖಾಲಾ ಕೂತಿದ್ದ ಮೂಟೆಯಿಂದ ಎದ್ದು, ಅದರ ಮೇಲೆ ಅಂಗೈ ಆಡಿಸಿ ಸುಕ್ಕು ಸರಿ ಮಾಡಿದರು. ಸೀರೆ ಮಡಚುವಾಗ ಮಾಡುವ ಹಾಗೆ.

ಮೂರು ದಿನ ಬಿಟ್ಟು ಬೆಳಿಗ್ಗೆ ಆರೂವರೆಗೇ ಮಾಮು ಸೇರಿ ನಾವು ಮೂವರೂ ಶಾಸಕರೊಬ್ಬರ ಮನೆ ಮುಂದೆ ನಿಂತಿದ್ದೆವು. ಅಷ್ಟು ಹೊತ್ತಿಗೇ ಅಲ್ಲಿ ವರ್ಗಾವಣೆಯವರು, ಕೊಳವೆ ಬಾವಿಯವರು, ಉಮ್ಮತ್ತೂರಿನಿಂದ ಬಸ್ಸು ಬೇಕೆಂದು ಬಂದವರು. ಶಾಸಕರು ಬೆಂಗಳೂರಿನಲ್ಲಿದ್ದರು, ಅಧಿವೇಶನ ಇನ್ನೂ ಮುಗಿದಿರಲಿಲ್ಲ. ಅವರ ಸಹಾಯಕರು ನಮ್ಮನ್ನು ಬದಿಗೆ ಕರೆದು, ಧ್ವನಿ ತಗ್ಗಿಸಿ ಮಾತಾಡಿದರು.

"ಸಾಹೇಬ್ರಿಗೆ ಹೇಳಿ ಕೇಳಿಸಬೋದು. ಮಂತ್ರಿಗಳು ಎದ್ದು ನಿಂತು 'ಇಲ್ಲ ಅಂದಿದ್ದೆ, ಒಬ್ಬರು ಇದ್ದಾರೆ' ಅಂತಾರೆ. ಆಮೇಲೆ? ಪಾಕಿಸ್ತಾನದೋರು ಒಬ್ಬರು ಇದ್ದಾರೆ ಅಂತ ರೇಡಿಯೋದಲ್ಲಿ ಬರುತ್ತೆ. ಪೇಪರಿನೋರು ಯಾವ ಊರು, ಯಾವ ಬೀದಿ ಅಂತ ಕೇಳ್ಕೊಂಡ್ ಬರ್ತಾರೆ. ಅವರ ಹಿಂದೆ ಇನ್ಯಾರೋ ಬರ್ತಾರೆ. ಯೋಚನೆ ಮಾಡಿ. ಮಂತ್ರಿಗಳೇ ಇಲ್ಲ ಅಂದವ್ರೆ. ಸುಮ್ನಿದ್ರೆ ಯಾರ್ ಬಂದು ಹುಡುಕ್ತಾರೆ?"

ಮನೆಗೆ ಬಂದ ಮೇಲೆ ಜಗಳವಾಯಿತು. ನಾನು ನಡುವೆ ಕೂತು ಎರಡೂ ಕಡೆ ನೋಡುತ್ತಿದ್ದೆ. ಮಾಮು ಕೈಯಲ್ಲಿ ಬ್ರಷ್ಷು ಹಿಡಿದು ಒಣ ಗೋಡೆಗೆ ಬಳಿಯುತ್ತ ಓಡಾಡುತ್ತಿದ್ದರು.

"ಚುಪ್‌ಚಾಪ್ ಇದ್ಬುಡು ಆಪಾ. ಆವಯ್ಯ ಸರೀಗೇ ಹೇಳ್ದ. ಸೈನ್ ಹಾಕ್ತಿರು, ಯಾರೂ ಕೇಳಲ್ಲ. ರೇಡಿಯೋದಲ್ಲಿ ಬಂದ್ರೆ ನಾಳೆ ಯಾವ ಲಾರಿಯೋನು ನನ್ ಕೈಲಿ ಪೇಂಟ್ ಹೊಡುಸ್ತಾನೆ?"

"ನಿಂಗೆ ನವಿಲಿನ ಚಿಂತೆ."

"ನಿನ್ ಚಿಂತೆ ಕಣೆ! ಕಲ್ಲು ಬಿದ್ರೆ ಯಾರ್ ತಲೆ ಮೇಲೆ ಬೀಳ್ತದೆ?"

ಖಾಲಾ ದುಪಟ್ಟಾ ಮಡಚಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು: "ಮೂರು ದಿನ ನಾನೂ ಇಲ್ಲ ಅಂತಲೇ ಇದ್ದೆ. ಚೆನ್ನಾಗಿತ್ತು. ಆಮೇಲೆ ಪೋಲೀಸ್ನೋನು ಬಂದ. ಅವನು ಬರದೆ ಇದ್ದಿದ್ರೆ? ಯಾವತ್ತೋ ಹೊರಡು ಅಂದಾಗ, ಇಷ್ಟು ವರ್ಷ ಇವಳು ಇಲ್ಲೇ ಇದ್ಲು ಅಂತ ಯಾರು ಹೇಳ್ತಾರೆ? ಮಂತ್ರಿ ಇಲ್ಲ ಅಂದವ್ರೆ ಅಂತಾರೆ." ನನ್ನ ಕಡೆ ತಿರುಗಿದರು. "ಬೇಟಿ, ಒಬ್ಬಳು ಇದ್ದೀನಿ ಅಂತ ಬರಿ. ಟೈಪ್ ಮಾಡಿಸ್ಕೊಂಡು ಬಾ."

ಮಾಮು ಬ್ರಷ್ಷು ಎಸೆದು ಹೊರಗೆ ಹೋದರು. ಅರ್ಧ ಗಂಟೆಗೆ ವಾಪಸು ಬಂದು, ಅರ್ಜಿಗೆ ಎಷ್ಟು ಪ್ರತಿ ಬೇಕೆಂದು ಕೇಳಿದರು.

ಅರ್ಜಿಯನ್ನು ಶಾಸಕರ ಸಹಾಯಕರಿಗೆ ಕೊಟ್ಟು ಬಂದ ಮರುದಿನದಿಂದ ಬೆಳಿಗ್ಗೆ ಏಳು ಐದಕ್ಕೆ ಎರಡೂ ಮನೆಯವರು ನಮ್ಮ ರೇಡಿಯೋದ ಮುಂದೆ. ಕರೆಂಟು ಹೋದರೆ ಎಂದು ಮಾಮು ಒಂದು ಟ್ರಾನ್ಸಿಸ್ಟರನ್ನೂ ತಂದಿಟ್ಟರು. ಗೃಹ ಸಚಿವರು ಎಂಬ ಮಾತು ಕೇಳಿದ ಕೂಡಲೇ ಅಮ್ಮ ಒಗ್ಗರಣೆಯನ್ನು ಒಲೆಯಿಂದ ಇಳಿಸುತ್ತಿದ್ದಳು, ಚಟಪಟ ಸದ್ದಿಗೆ ಕೇಳಿಸದಿದ್ದರೆ ಎಂದು. ಸಾರಾಯಿ ಅಂಗಡಿ ಮೇಲೆ ದಾಳಿ ಬಂತು. ಲಾಕಪ್ಪುಗಳ ಬಗ್ಗೆ ಬಂತು. ಖಾಲಿ ಇರುವ ನ್ಯಾಯಾಧೀಶರ ಹುದ್ದೆಗಳ ಬಗ್ಗೆ ಬಂತು. ನಮ್ಮದು ಬರಲಿಲ್ಲ. "ಇವತ್ತು ಬರಲಿಲ್ಲ" ಎಂದು ನಾನು ದಿನವೂ ಬರೆದೆ. ಬರಬೇಕೋ ಬೇಡವೋ ಎಂದು ಹೆದರಿಕೊಂಡೇ ಕೇಳುತ್ತಿದ್ದೆವು. ಸುದ್ದಿ ಮುಗಿದಾಗ ಮಾಮು ಉಸಿರು ಬಿಡುತ್ತಿದ್ದರು, ಖಾಲಾ ಉಸಿರು ಹಿಡಿಯುತ್ತಿದ್ದರು. ಹಾಗೆಯೇ ಅಧಿವೇಶನ ಮುಗಿದುಹೋಯಿತು.

ಮೇ ಕೊನೆಯ ವಾರ. ಎರಡು ದೇಶಗಳೂ ಅಣುಬಾಂಬು ಸಿಡಿಸಿದ ತಿಂಗಳು ಅದು. ಖಾಲಾ ಪೆಟ್ಟಿಗೆ ತೆಗೆದು ಒರೆಸಿಟ್ಟಿದ್ದರು, ಯಾಕೆಂದು ನಾವು ಕೇಳಲಿಲ್ಲ. ಇಪ್ಪತ್ತೊಂಬತ್ತರಂದು ಠಾಣೆಯಿಂದ ಅದೇ ಪೇದೆ ಬಂದ. "ಎರಡು ಪೋಟೋ ತಗೊಂಡು ಚಾಮರಾಜನಗರಕ್ಕೆ ಓಗ್ಬೇಕಂತಮ್ಮ. ಈಗ್ಲೇ."

ಅನುಮತಿ ಬಂದಿತ್ತು. ಇನ್ನೊಂದು ವರ್ಷ. ಗುಮಾಸ್ತರು ಸೀಲು ಒತ್ತಿ ಊದಿ ಕೊಟ್ಟರು.

"ಮಂತ್ರಿಗಳು ತಿದ್ದಿದ್ರಾ ಸಾರ್?"

"ಅದು ನಂಗೊತ್ತಿಲ್ಲಮ್ಮ. ಮೇಲಿಂದ ಬಂತು, ಮಾಡ್ದೆ."

ಖಾಲಾ ಆ ದಿನ ಬಸ್ಸಿನಲ್ಲಿ ಜಿಪ್ಪು ಮುಟ್ಟಲಿಲ್ಲ. ತೆರಕಣಾಂಬಿ ದಾಟಿದ ಮೇಲೆ ಒಂದೇ ಮಾತು ಕೇಳಿದರು: "ಒಬ್ಬರು ಅಂತ ಜೋರಾಗಿ ಹೇಳಿರ್ತಾರಾ ಬೇಟಿ, ಎದ್ದು ನಿಂತು?"

ಈ ಬೇಸಗೆಯಲ್ಲಿ ಗಡಿಯಲ್ಲಿ ಯುದ್ಧ ನಡೆಯುವಾಗಲೂ ಅವರು ಐದನೇ ತಾರೀಖು ಹೋಗಿ ಸಹಿ ಹಾಕಿ ಬಂದರು. ಅಮ್ಮ ಜೊತೆಗೆ ಹೋದಳು, ಹಾಲಿನ ಲೆಕ್ಕ ನೋಡುವ ನೆಪದಲ್ಲಿ. ಕಲ್ಲು ಬೀಳಲಿಲ್ಲ. ಈಗ ಖಾಲಾ ಈ ದೇಶದ ಪೌರತ್ವಕ್ಕೆ ಅರ್ಜಿ ಹಾಕಿದ್ದಾರೆ. 1984ರಿಂದ ಬಿಡದೆ ಇಲ್ಲೇ ಇದ್ದೀರಿ ಎಂಬುದಕ್ಕೆ ಕಚೇರಿಯವರು ಆಧಾರ ಕೇಳಿದ್ದಾರೆ. ಅವರ ಬಳಿ ಎಲ್ಲ ವರ್ಷದ ಸೀಲುಗಳಿವೆ. ಅವಕ್ಕೆ ಎದುರಾಗಿ, ಅಚ್ಚಾದ ಒಂದು ಉತ್ತರದಲ್ಲಿ ಆ ಮಾರ್ಚ್ ತಿಂಗಳು ಅವರು ಇಲ್ಲ.

1998ರ ಆ ಅಧಿವೇಶನದ ಕೊನೆಯ ದಿನಗಳಲ್ಲಿ ಸದನದ ಗ್ಯಾಲರಿಯಲ್ಲಿ ಕೂತವರು, ವರದಿ ಮಾಡಿದವರು, ಪ್ರಶ್ನೋತ್ತರದ ಅಚ್ಚಾದ ಹಾಳೆಗಳನ್ನು ತೆಗೆದಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಚಿವರು ಆ ಉತ್ತರವನ್ನು ತಿದ್ದಿದ್ದು ನಿಮಗೆ ನೆನಪಿದೆಯೇ? ಯಾವ ದಿನ ಎಂದು ಗೊತ್ತಿದ್ದರೆ ಸಾಕು, ಡೈರಿಯ ಆ ಖಾಲಿ ಸಾಲು ತುಂಬಿ ಹಾಳೆ ನಾನೇ ಹುಡುಕುತ್ತೇನೆ. ದಯವಿಟ್ಟು ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅಕ್ಟೋಬರ್‌ನಲ್ಲಿ ಖಾಲಾರನ್ನು ಪೌರತ್ವದ ಅರ್ಜಿಯ ವಿಚಾರಣೆಗೆ ಕರೆದಿದ್ದಾರೆ. ಅದಕ್ಕೆ ಮುಂಚೆ ಸಿಕ್ಕಿದರೆ ಒಳ್ಳೆಯದು.