ಕ್ಯಾಚ್ ಆದ ಮೇಲಿನ ರನ್

ಮಗಳು ಸಿರಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದಿದ್ದ ದಿನಗಳು ಅವು; ಅದಾಗಿ ಹತ್ತು ಹನ್ನೆರಡು ವರ್ಷ ಆಗಿರಬೇಕು. ನಾವು ಸೀಡರ್ ಪಾರ್ಕ್ ಎಂಬ ಊರಿನಲ್ಲಿದ್ದೆವು. ಆ ಬೇಸಿಗೆಯಿಡೀ ಅವಳು ಬೆಳಿಗ್ಗೆ ಒಗ್ಗರಣೆಯ ಘಾಟಿಗೆ ಸೀನುತ್ತಲೇ ಟ್ಯಾಬ್ಲೆಟ್ ತೆರೆದು, ಬೇಸ್‌ಬಾಲ್ ಸೀಸನ್ನಿನಲ್ಲಿ ಯಾರು ಹೆಚ್ಚು ರನ್ ಮಾಡಿದ್ದಾರೆಂದು ನೋಡುತ್ತಿದ್ದಳು. ಅವಳ ಮೆಚ್ಚಿನವನು ಹ್ಯೂಸ್ಟನ್ ತಂಡದ ಒಬ್ಬ ಗಿಡ್ಡ ಆಟಗಾರ. ಅವನು ಪಟ್ಟಿಯಲ್ಲಿ ಮೇಲೇರಿದರೆ ಉಪ್ಪಿಟ್ಟು ಖಾಲಿ, ಜಾರಿದರೆ ತಟ್ಟೆಯಲ್ಲೇ ತಣ್ಣಗೆ.

ಧಾರವಾಡದಿಂದ ಬಂದಿದ್ದ ನನ್ನ ಅತ್ತೆಗೆ ಕ್ರಿಕೆಟ್ ಹುಚ್ಚು. "ಹೊಡದಾಂವ ಒಬ್ಬ, ರನ್ನು ಇನ್ನೊಬ್ಬಗ? ಇದ್ಯಾವ ನ್ಯಾಯಾರೀ?" ಎಂದು ನನ್ನನ್ನು ಕೇಳುವರು.

"ಅಜ್ಜಿ, ಹೂಎವರ್ ಕಮ್ಸ್ ಹೋಮ್ ಗೆಟ್ಸ್ ಇಟ್!" ಎನ್ನುವಳು ಸಿರಿ. ಮೂರು ಬೇಸ್‌ಗಳ ಸುತ್ತು ಮುಗಿಸಿ, ಹೊರಟ ಜಾಗವಾದ ಹೋಮ್ ಪ್ಲೇಟ್ ಮುಟ್ಟಿದವನಿಗೇ ರನ್. ನಾನು ಎಲ್ಲ ತಿಳಿದವನಂತೆ ತಲೆಯಾಡಿಸುತ್ತಿದ್ದೆ.

ಸೀಸನ್ನಿನ ಕೊನೆಯ ದಿನ ಅವನೂ ಬೇರೆ ತಂಡದ ಒಬ್ಬನೂ ರನ್ನಿನಲ್ಲಿ ಸಮಸಮ. ಹಟ ಮಾಡಿ ನಮ್ಮನ್ನು ಹ್ಯೂಸ್ಟನ್ನಿಗೆ ಹೊರಡಿಸಿದಳು. ಟೈರು, ಪಾರ್ಕಿಂಗ್, ಚೆಂಡು ಬಂದು ತಲೆಗೆ ಬಡಿಯುವುದು, ಎಲ್ಲದಕ್ಕೂ ದಾರಿಯಲ್ಲೇ ಹೆದರಿ ಮುಗಿಸಿದೆ. ಉಳಿದದ್ದು ಒಂದೇ: ಅವನು ಸೋತರೆ ಇವಳನ್ನು ಮನೆಯವರೆಗೆ ಹೇಗೆ ಸಮಾಧಾನ ಮಾಡುವುದು?

ಕೊನೆಯ ಇನಿಂಗ್ಸ್. ಆ ಇನ್ನೊಬ್ಬನ ಆಟ ಬೇರೆ ಊರಿನಲ್ಲಿ ಆಗಲೇ ಮುಗಿದಿತ್ತು. ನಮ್ಮವನಿಗೆ ಒಂದು ರನ್ ಸಾಕು. ಮೂರನೆಯ ಬೇಸ್‌ನಲ್ಲಿ ನಿಂತಿದ್ದ. ಅವನ ಜೊತೆಗಾರ ಚೆಂಡನ್ನು ಆಕಾಶಕ್ಕೆ ಎತ್ತಿದ. ದೂರದಲ್ಲಿದ್ದ ಫೀಲ್ಡರ್ ಕ್ಯಾಚ್ ಹಿಡಿದ.

"ಔಟ್ ಆತಲ್ರೀ! ಮುಗೀತು," ಎಂದರು ಅತ್ತೆ.

ಮೈಸೂರಿನ ಮೈದಾನಗಳಲ್ಲಿ ನಾನು ಕಲಿತದ್ದೂ ಅದೇ. ಕ್ಯಾಚ್ ಆದ ಮೇಲೆ ಎಲ್ಲಿಯ ರನ್? ಸಮಾಧಾನಕ್ಕೆಂದೇ ತಂದಿದ್ದ ಕೋಡುಬಳೆ ಡಬ್ಬಿ ಹುಡುಕಲು ಸೀಟಿನ ಕೆಳಗೆ ಬಗ್ಗಿ, "ಹೋಗ್ಲಿ ಬಿಡು ಕಂದ, ಮುಂದಿನ್ ವರ್ಷ..." ಎಂದೆ.

"ಅಪ್ಪಾ! ಈಗ್ಲೇ ಓಡೋದು!" ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವವಳು ಕಿರುಚಿದಳು.

ನಾನು ತಲೆ ಎತ್ತುವಷ್ಟರಲ್ಲಿ ಸ್ಟೇಡಿಯಂ ಎದ್ದು ನಿಂತಿತ್ತು. ಹೊಡೆದವನಷ್ಟೇ ಔಟ್; ಬೇಸ್‌ನಲ್ಲಿದ್ದವನು ಕ್ಯಾಚ್ ಹಿಡಿಯುವವರೆಗೂ ಅದನ್ನು ಮುಟ್ಟಿಕೊಂಡಿದ್ದರೆ ಆಮೇಲೆ ಓಡಬಹುದಂತೆ. ನಮ್ಮವನು ಓಡಿ, ಹೋಮ್ ಮುಟ್ಟಿ, ಸೀಸನ್ನಿಗೇ ಮೊದಲಿಗನಾಗಿದ್ದ. ಸಿರಿ ಅಜ್ಜಿಯ ಸೆರಗು ಹಿಡಿದು ಕುಣಿಯುತ್ತಿದ್ದಳು. "ಕ್ಯಾಚ್ ಹಿಡದ್ರೂ ರನ್ನಾ? ಏನ್ ಮಂದಿನೋ!" ಎನ್ನುತ್ತಾ ಅತ್ತೆಯೂ ಕುಣಿದರು.

ಈಗ ಸಿರಿ ಡಾಲಸ್‌ನಲ್ಲಿ ಓದುತ್ತಾಳೆ. ಮೊನ್ನೆ ಅಲ್ಲೇ ಹತ್ತಿರದ ಫ್ರಿಸ್ಕೋದಲ್ಲಿ ಊಟಕ್ಕೆ ಕೂತಾಗ ಈ ಕಥೆ ತೆಗೆದೆ.

"ರಿಯಲಿ? ವಿಚ್ ಪ್ಲೇಯರ್?" ಎಂದಳು. ಹೆಸರು ಹೇಳಿದರೂ ನೆನಪಾಗಲಿಲ್ಲ. ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, "ಸೋ, ಹೇಗ್ ಓಡ್ದ ಅಪ್ಪಾ? ಡಿಡ್ ಹೀ ಸ್ಲೈಡ್? ಜಾರ್ಕೊಂಡ್ ಬಂದ್ನಾ?" ಎಂದು ಕೇಳಿದಳು.

ನೋಡಿದವಳು ಮರೆತಿದ್ದಾಳೆ. ನೋಡಿದ ಅತ್ತೆ ಈಗಿಲ್ಲ. ನೆನಪಿಟ್ಟುಕೊಂಡಿರುವ ನಾನು ಆ ಹೊತ್ತಿನಲ್ಲಿ ಸೀಟಿನ ಕೆಳಗಿದ್ದೆ.