ನಾಲ್ಕು ಗಂಟೆಯ ರಟ್ಟಿನ ಗಡಿಯಾರ

ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ, ಒಗ್ಗರಣೆಯ ಹೊಗೆ ಕುಡಿದು ಹಳದಿಯಾದ ರಟ್ಟಿನ ಗಡಿಯಾರವೊಂದು ತೂಗುತ್ತಿದೆಯಲ್ಲ ಮಕ್ಕಳೇ, ಅದನ್ನು ಆಟಿಕೆಯೆಂದು ತಿಳಿದಿದ್ದೀರಿ ನೀವು. ಮಿಠಾಯಿ ಡಬ್ಬಿಯ ಮುಚ್ಚಳ ಕತ್ತರಿಸಿ, ಅಂಗಿಯ ಗುಂಡಿಯಿಂದ ಮುಳ್ಳು ಕೂರಿಸಿ ಅದನ್ನು ಮಾಡಿದವಳು ಶಿವಲೀಲಾ. ಶಿಕ್ಷಕಿಯ ತರಬೇತಿಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ನಮ್ಮ ಹಿಂದಿನ ಕೋಣೆಯಲ್ಲಿದ್ದ ಹುಡುಗಿ.

ಈ ಓಣಿಯ ಶಾಲೆಗೂ ನಮ್ಮ ಕಿಟಕಿಗೂ ನಡುವೆ ಒಂದು ಚರಂಡಿ ಮಾತ್ರ. ಹೊರಗೆ ಹೋಗಿ ಜನರೊಡನೆ ಮಾತಾಡಲು ಈಗಲೂ ಹಿಂಜರಿಯುವ ನನಗೆ ಆ ತರಗತಿಯೇ ಲೋಕ. ಅಲ್ಲಿಗೆ ವರ್ಷವರ್ಷವೂ ಹೊಸ ತರಬೇತಿಯವರು ಬಂದು, ಕೈ ಪಳಗುತ್ತಿದ್ದಂತೆ ಹೊರಟುಹೋಗುತ್ತಾರೆ. ರೊಟ್ಟಿ ತಟ್ಟಲು ಕಲಿಯುವವಳ ಹರುಕು ರೊಟ್ಟಿಗಳೆಲ್ಲ ನಮ್ಮ ಓಣಿಯ ಮಕ್ಕಳ ತಟ್ಟೆಗೆ. ದುಂಡಗಾದವು ಬೇರೆಯವರ ಮನೆಗೆ. ಕುರುಗೋಡಿನ ಕಡೆಯ ನನ್ನ ಹಳ್ಳಿಯಲ್ಲಿ ಇದ್ದವರು ಒಬ್ಬರೇ ಮಾಸ್ತರು, ಹೊಡೆಯುತ್ತಲೂ ಇದ್ದರು; ಆದರೆ ನಮಗೆ ಬರುವವರೆಗೆ ಪಾಠ ಬಿಡುತ್ತಿರಲಿಲ್ಲ.

ಆ ತರಗತಿಯಲ್ಲಿದ್ದ, ಜೀನ್ಸ್ ಹೊಲಿಯಲು ಹೋಗುವವಳ ಮಗಳು ಮಾಬಿ ಗಡಿಯಾರ ನೋಡುವುದನ್ನು ಕಲಿಯಲೇಬೇಕಿತ್ತು. ಐದಕ್ಕೆ ಓಣಿಯ ಕೊನೆಯ ನಳದಲ್ಲಿ ನೀರು ಬರುತ್ತದೆ. ಆಟದಲ್ಲಿ ಹೊತ್ತು ತಪ್ಪಿ ಕೊಡ ಖಾಲಿ ಉಳಿದರೆ ತಾಯಿಯ ಏಟು. ತರಬೇತಿಯ ಕೊನೆಯ ಪಾಠ ನೋಡಿ ಅಂಕ ಹಾಕಲು ತರಬೇತಿ ಕಾಲೇಜಿನ ಸರ್ ಬರುತ್ತಾರೆಂದಾಗ, ಎಲ್ಲರೂ ಮಾಡುವಂತೆ ಶಿವಲೀಲಾ ಕೂಡ ಒಂದೇ ಪ್ರಶ್ನೆಗೆ ಒಂದೇ ಉತ್ತರವನ್ನು ಮಕ್ಕಳಿಗೆ ವಾರವಿಡೀ ಬಾಯಿಪಾಠ ಮಾಡಿಸಿದಳು. ಎಷ್ಟು ಗಂಟೆ? ನಾಕು ಗಂಟೆ.

"ಟೀಚರ್, ಮುಳ್ಳು ಎಲ್ಲಿದ್ರೂ ನಾಕೇನ್ರಿ?" ಎಂದಳು ಮಾಬಿ.

"ಲೇ ಮಾಬಿ, ನಾಳಿ ಸರ್ ಮುಂದ ನಾಕು ಅನ್ನು, ಸಾಕು. ಉಳಿದದ್ದು ಆಮ್ಯಾಲೆ ಕಲಿಸ್ತೀನಿ."

ಮರುದಿನ ಗಡಿಬಿಡಿಯಲ್ಲಿ ಶಿವಲೀಲಾ ತಿರುಗಿಸಿದ ಮುಳ್ಳು ಒಂಬತ್ತರ ಮೇಲೆ ನಿಂತಿತು. ತರಗತಿ ಒಂದೇ ಕೊರಳಿನಲ್ಲಿ "ನಾಕು" ಎಂದಿತು. ಹಾಳೆಯ ಮೇಲೆ ಬಗ್ಗಿ ಬರೆಯುತ್ತಿದ್ದ ಸರ್ ತಲೆಯೆತ್ತದೆ "ಗುಡ್" ಎಂದರು.

ಸಂಜೆ ಗಡಿಯಾರವನ್ನು ನನ್ನ ಕೈಗಿಟ್ಟು, "ಪಾಸಾದೆ ನೋಡ್ರಿ ಅಜ್ಜಿ," ಎಂದು ಅತ್ತಳು. ಆ ವಾರವೇ ತರಬೇತಿ ಮುಗಿದು ಊರಿಗೆ ಹೋದಳು. ಕೆಟ್ಟವಳಲ್ಲ, ಅವಳಿಗೂ ಹಾಗೆಯೇ ಕಲಿಸಿದ್ದರು. ನನ್ನ ಬಾಯಿ ಕಹಿಯಾಗುವುದು ಅದಕ್ಕೇ, ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ.

ನಿನ್ನೆ ಮಾಬಿ ಕಿಟಕಿಗೆ ಬಂದಾಗ ಮುಳ್ಳನ್ನು ಐದಕ್ಕೆ ಸರಿಸಿ, ಎಷ್ಟೆಂದು ಕೇಳಿದೆ.

"ನಾಕು."

"ಐದವ್ವಾ. ನಳ ಬರೋ ಹೊತ್ತು."

"ಟೀಚರ್ ನಾಕಂದಾರ. ನೀನೇನ್ ಟೀಚರಾ ಅಜ್ಜಿ?" ಎಂದು ನಕ್ಕು ಆಡಲು ಓಡಿದಳು.

ರಾತ್ರಿಯಾಗುವ ಮುಂಚೆ ಮಾಬಿಯ ಮನೆಯಿಂದ ಏಟಿನ ಸದ್ದು ನನ್ನ ಕಿಟಕಿಯವರೆಗೂ ಕೇಳಿತು.

ಮುಳ್ಳು ಈಗ ಐದರ ಮೇಲಿದೆ ಮಕ್ಕಳೇ. ಆಟಿಕೆಯೆಂದು ತಿರುಗಿಸಬೇಡಿ, ಮಾಬಿಗೆ ಗಂಟೆ ನೋಡಲು ಬರುವವರೆಗೆ ಅದು ಅಲ್ಲೇ ಇರಲಿ.